ಸುಟ್ಟಿದ್ದು ಯಾರ ಮನೆ?

ವಿಜಯನಗರದಲ್ಲಿ ಅಪ್ಪ ಕಟ್ಟಿಸಿದ ಮೂರಂತಸ್ತಿನ ಮನೆ ನಮ್ಮದು. ಕೆಳಗೆ ಅಮ್ಮ, ನಾನು. ಮೇಲಿನ ಎರಡೂ ಬಾಡಿಗೆಗೆ. ಅಪ್ಪ ಹೋದ ಮೇಲೆ ಓನರ್ ಅನ್ನೋ ಪಟ್ಟ ನನಗೆ ಬಂತು. ಆಫೀಸಿನಲ್ಲಿ ಎಲ್ಲದಕ್ಕೂ ಬ್ಯಾಕಪ್ ಇಡುವುದೇ ನನ್ನ ಕೆಲಸ. ಮನೆಗೂ ಒಂದಿರಲಿ ಅಂತ ಭಾರತ್ ಗೃಹ ರಕ್ಷಾ ಪಾಲಿಸಿ ಮಾಡಿಸಿದೆ. 2021ರ ಏಪ್ರಿಲ್‌ನಲ್ಲಿ ಎಲ್ಲ ಜನರಲ್ ಇನ್ಶೂರೆನ್ಸ್ ಕಂಪನಿಗಳಿಗೂ ಒಂದೇ ನಿಯಮದಲ್ಲಿ ಜಾರಿಗೆ ಬಂದ ಪಾಲಿಸಿ ಅದು. ಸೈಟಿನ ಬೆಲೆ ಲೆಕ್ಕಕ್ಕಿಲ್ಲ, ಕಟ್ಟಡ ಮತ್ತೆ ಕಟ್ಟೋಕೆ ಎಷ್ಟಾಗುತ್ತೋ ಅಷ್ಟೇ.

ಕಳೆದ ವರ್ಷ ಮೊದಲ ಮಹಡಿಯ ಅಡುಗೆಮನೆಯಲ್ಲಿ ಶಾರ್ಟ್ ಸರ್ಕ್ಯೂಟ್ ಆಗಿ ಬೆಂಕಿ ಹತ್ತಿತು. ಅಲ್ಲಿದ್ದದ್ದು ಹುಬ್ಬಳ್ಳಿ ಕಡೆಯ ಗಂಡ ಹೆಂಡತಿ. ಇಬ್ಬರೂ ಕೆಲಸಕ್ಕೆ ಹೋಗಿದ್ದರು, ಯಾರಿಗೂ ಏನೂ ಆಗಲಿಲ್ಲ. ಆದರೆ ಫ್ರಿಜ್ಜು, ವಾಷಿಂಗ್ ಮಷೀನು, ಪಕ್ಕದ ರೂಮಿನಲ್ಲಿದ್ದ ಬಟ್ಟೆಬರೆ ಎಲ್ಲ ಹೋಯ್ತು.

ಸರ್ವೇಯರ್ ಬಂದು ನೋಡಿಕೊಂಡು ಹೋದರು. ಗೋಡೆ, ಸೀಲಿಂಗು, ಬಣ್ಣ ಎಲ್ಲದಕ್ಕೂ ದುಡ್ಡು ಬಂತು. ಮನೆ ವಾಸಕ್ಕಿಲ್ಲದ ಎರಡು ತಿಂಗಳ ಬಾಡಿಗೆಯೂ ಬಂತು. ಅವರಿಗೆ ಬಂದದ್ದು ಸೊನ್ನೆ. ಓನರ್ ಪಾಲಿಸಿ ಬಾಡಿಗೆಯವರ ಸಾಮಾನಿಗೆ ಅನ್ವಯಿಸುವುದಿಲ್ಲ. ಸಾಮಾನಿಗೆ ಮಾತ್ರ ಬೇರೆ ಪಾಲಿಸಿ ಮಾಡಿಸಬಹುದು ಅಂತ ಅವರಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು, ಹೇಳಿರಲಿಲ್ಲ.

ಅವರು ಬೇರೆ ಮನೆ ಹುಡುಕಿಕೊಂಡರು. ಅಡ್ವಾನ್ಸ್ ವಾಪಸ್ ಕೊಡುವಾಗ ಅಭ್ಯಾಸಬಲದಿಂದ ಒಂದು ತಿಂಗಳ ಬಾಡಿಗೆ ಮುರಿದುಕೊಂಡು ಲೆಕ್ಕ ಕಳಿಸಿದೆ. ಪೇಂಟಿಂಗ್ ಚಾರ್ಜು! ಬೆಂಗಳೂರಿನಲ್ಲಿ ಬಾಡಿಗೆಗಿದ್ದವರಿಗೆ ಇದನ್ನು ವಿವರಿಸಬೇಕಿಲ್ಲ. ಫೋನ್ ಮಾಡಿದರೆ ಆತ, "ಆತ್ರಿ ಸರ, ಅಗ್ರಿಮೆಂಟ್‌ನ್ಯಾಗ ಅದ ಅಲ್ರಿ" ಅಂದರು. ಜಗಳ ಮಾಡಿದ್ದರೆ ಬಹುಶಃ ನಾನು ಗೆದ್ದುಬಿಡುತ್ತಿದ್ದೆ.

ರಾತ್ರಿ ಊಟಕ್ಕೆ ಕೂತಾಗ ಅಮ್ಮ ಕೇಳಿದಳು, "ಬಣ್ಣಕ್ಕೆ ಇನ್ಶೂರೆನ್ಸ್‌ನೋರು ಕೊಟ್ರಲ್ವೇನೋ? ಮತ್ತೆ ಇವರ ಹತ್ರಾನೂ ಯಾಕೆ?"

ವಿಮೆಯ ಮೂಲ ನಿಯಮವೇ ಅದು: ಕಳೆದುಕೊಂಡದ್ದನ್ನು ತುಂಬಿಕೊಡಬೇಕು, ಅದಕ್ಕಿಂತ ಹೆಚ್ಚು ಕೊಡಬಾರದು. ನಷ್ಟ ಯಾರಿಗೂ ಲಾಭವಾಗಬಾರದು. ಕಂಪನಿಯ ಎದುರು ನಾನು ಆ ನಿಯಮ ಪಾಲಿಸಿದ್ದೆ. ಬಾಡಿಗೆಯವರ ಎದುರು ಅಗ್ರಿಮೆಂಟ್ ತೋರಿಸಿ, ಒಂದೇ ಗೋಡೆಗೆ ಎರಡು ಸಲ ದುಡ್ಡು ತಗೊಂಡಿದ್ದೆ. ಮಾರನೇ ದಿನ ವಾಪಸ್ ಹಾಕಿದೆ.

ಅದು ಸುಲಭದ ಪ್ರಶ್ನೆ. ಕಷ್ಟದ್ದು ಫ್ರಿಜ್ಜಿನದು. ಪ್ರೀಮಿಯಂ ಕಟ್ಟಿದ್ದು ನಾನು, ಅವರೂ ಕಟ್ಟಬಹುದಿತ್ತು ಅಂತ ವಾದಿಸಬಹುದು. ಆದರೆ ಬೆಂಕಿಗೆ ಮೂರು ತಿಂಗಳ ಮೊದಲು ಆತ ವಾಟ್ಸಾಪ್ ಮಾಡಿದ್ದರು: ಅಡುಗೆಮನೆ ಸ್ವಿಚ್ಚಿನಲ್ಲಿ ಕಿಡಿ ಬರ್ತಿದೆ ಅಂತ. "ಈ ಭಾನುವಾರ ಎಲೆಕ್ಟ್ರಿಷಿಯನ್ ಕರೆಸ್ತೀನಿ" ಅಂದಿದ್ದೆ. ಆಮೇಲೆ ಎಷ್ಟೋ ಭಾನುವಾರ ಬಂದು ಹೋದವು. ಸರ್ವೇಯರ್‌ಗೂ ಇದನ್ನು ಹೇಳಿದೆ. ಅವರು ಬರೆದುಕೊಂಡರು, ಕ್ಲೇಮ್ ಪಾಸಾಯ್ತು. ಬೇಕಂತ ಹಚ್ಚಿದ ಬೆಂಕಿಯಲ್ಲವಲ್ಲ.

ಪಾಲಿಸಿ ಇರದಿದ್ದರೆ ನಾನು ಅವತ್ತೇ ಎಲೆಕ್ಟ್ರಿಷಿಯನ್ನನ್ನು ಕರೆಸುತ್ತಿದ್ದೆನಾ? ಪ್ರಾಮಾಣಿಕವಾಗಿ ಹೇಳಬೇಕೆಂದರೆ, ಕರೆಸುತ್ತಿದ್ದೆ ಅನಿಸುತ್ತದೆ. ಹೋದರೆ ನನ್ನದಲ್ಲ ಅನ್ನೋ ಧೈರ್ಯ ಎಲ್ಲೋ ಒಳಗೆ ಕೂತಿತ್ತು. ಆ ಧೈರ್ಯದ ಬೆಲೆ ತೆತ್ತವರು ಪಾಲಿಸಿಯಲ್ಲಿ ಹೆಸರೇ ಇಲ್ಲದವರು. ಕಂಪನಿ ನನ್ನ ನಷ್ಟ ತುಂಬಿಕೊಡಬಹುದು, ನನ್ನ ಉದಾಸೀನಕ್ಕೆ ನಾನೇ ಜವಾಬ್ದಾರ.

ಫ್ರಿಜ್ಜಿನ ದುಡ್ಡು ಕೊಟ್ಟೆ. ಅವರು ಎರಡು ಸಲ ಬೇಡ ಅಂದು, ಮೂರನೇ ಸಲ ತಗೊಂಡರು. ಬಟ್ಟೆಬರೆಯ ಲೆಕ್ಕ ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಕೇಳಬೇಕಿತ್ತು.

ಈಗ ಹೊಸಬರಿಗೆ ಕೀ ಕೊಡುವಾಗ ಎರಡು ಮಾತು ಹೇಳುತ್ತೇನೆ. ನಿಮ್ಮ ಸಾಮಾನಿಗೆ ನೀವೊಂದು ಪಾಲಿಸಿ ಮಾಡಿಸಿ. ಕಿಡಿ ಕಂಡರೆ ನನಗೆ ಕಾಯಬೇಡಿ, ನೀವೇ ರಿಪೇರಿ ಮಾಡಿಸಿ ಬಿಲ್ ಕಳಿಸಿ.