ಬಾಟಲಿಯ ಮೇಲಿನ ಇಸವಿ

ಇಂಗ್ಲೆಂಡಿನ ಹವೆಯನ್ನು ಬೈಯದ ಕನ್ನಡಿಗ ನನಗಿನ್ನೂ ಸಿಕ್ಕಿಲ್ಲ. ಜುಲೈಯಲ್ಲೂ ಸ್ವೆಟರ್ ಬಿಚ್ಚಗೊಡದ ಈ ಥಂಡಿಯೇ ಸಸೆಕ್ಸ್, ಕೆಂಟ್‌ಗಳ ದ್ರಾಕ್ಷಿತೋಟಗಳ ಬಂಡವಾಳ. ಹಣ್ಣು ನಿಧಾನವಾಗಿ ಮಾಗುತ್ತದೆ, ಸಕ್ಕರೆ ಮಿತಿ ಮೀರುವುದಿಲ್ಲ, ಹುಳಿ ಉಳಿಯುತ್ತದೆ. ಹಾಗೇ ತಿಂದರೆ ಹಲ್ಲು ಜುಮ್ಮೆನ್ನಿಸುವ ಆ ಹುಳಿಯೇ ಸ್ಪಾರ್ಕ್ಲಿಂಗ್ ವೈನಿನ ಜೀವಾಳ. ವರ್ಷಗಟ್ಟಲೆ ಇಟ್ಟರೂ ಅದನ್ನು ಕೆಡದಂತೆ ಕಾಯುವುದೂ ಅದೇ.

ವೈನಿಗೆ ಸಕ್ಕರೆ, ಕಾಕಂಬಿ ಬೆರೆಸಿ ನೊರೆ ಬರಿಸುವ ಇಲ್ಲಿನ ರೂಢಿಯನ್ನು ಇಂಗ್ಲಿಷ್ ವೈದ್ಯ ಕ್ರಿಸ್ಟೊಫರ್ ಮೆರೆಟ್ 1662ರಲ್ಲೇ ರಾಯಲ್ ಸೊಸೈಟಿಗೆ ತಿಳಿಸಿದ್ದ. ಈ ವೈನಿನ ಜನಕನೆಂದು ಹೆಸರಾದ ಸನ್ಯಾಸಿ ಡಾಂ ಪೆರಿನ್ಯೋನ್ ಫ್ರಾನ್ಸಿನ ಶಾಂಪೇನ್ ಸೀಮೆಯ ತನ್ನ ಮಠಕ್ಕೆ ಬಂದದ್ದೇ 1668ರಲ್ಲಿ. ಫ್ರೆಂಚ್ ಗೆಳೆಯರ ಮುಂದೆ ಈ ಮಾತು ಎತ್ತದಿರುವುದು ಲೇಸು. ಆದರೂ ಇಲ್ಲಿ ಶಾಂಪೇನಿನ ತಳಿಗಳು ಗಟ್ಟಿಯಾಗಿ ಬೇರೂರಿದ್ದು ತೀರ ಈಚೆಗೆ. ಅಮೆರಿಕದ ಮಾಸ್ ದಂಪತಿ ವೆಸ್ಟ್ ಸಸೆಕ್ಸಿನ ನೈಟಿಂಬರ್‌ನಲ್ಲಿ ಬಳ್ಳಿ ನೆಟ್ಟದ್ದು 1988ರಲ್ಲಿ; ಅವರ ಮೊದಲ ವೈನ್ 1992ರ ಬೆಳೆಯದು. ಹೆಚ್ಚುಕಡಿಮೆ ಅದೇ ಹೊತ್ತಿಗೆ ನಂದಿಬೆಟ್ಟದ ತಪ್ಪಲಲ್ಲಿ ಕನ್ವಲ್ ಗ್ರೋವರ್ ಅವರು ಶಾಂಪೇನ್ ಸೀಮೆಯ ಜಾರ್ಜ್ ವೆಸೆಲ್ ಅವರ ಸಲಹೆ ಪಡೆದು ತೋಟ ಎಬ್ಬಿಸುತ್ತಿದ್ದರು. ಅಲ್ಲಿ ಬಿಸಿಲಿಗೆ ಬರವಿಲ್ಲ.

ಇಲ್ಲಿ ಬರ ಬಿಸಿಲಿಗೇ. ಮಳೆ ಬಿಡದ 2012ರಲ್ಲಿ ಹಣ್ಣಿನ ಗುಣ ಸಾಲದೆಂದು ನೈಟಿಂಬರ್ ಒಂದು ಬಾಟಲಿಯನ್ನೂ ಮಾಡಲಿಲ್ಲ. 2018ರ ಬೇಸಿಗೆಯಲ್ಲಿ ದಕ್ಷಿಣ ಇಂಗ್ಲೆಂಡಿನ ತೋಟಗಳೆಲ್ಲ ಗೊಂಚಲಿನ ಭಾರಕ್ಕೆ ಬಾಗಿದವು. ಸಾಮಾನ್ಯ ಬಾಟಲಿಯಲ್ಲಿ ಹಲವು ವರ್ಷಗಳ ವೈನ್ ಬೆರೆತು ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಇಸವಿ ಹೊತ್ತ ವಿಂಟೇಜಿಗೆ ಆ ಆಸರೆ ಇಲ್ಲ. ಒಂದೇ ವರ್ಷದ ಬಿಸಿಲು-ಮಳೆಗೆ ಅದು ಉತ್ತರ ಹೇಳಬೇಕು.

ಬಾಟಲಿಯೊಳಗೇ ಎರಡನೇ ಸಲ ಹುದುಗಿ ಐದಾರು ಪಟ್ಟು ವಾಯುಭಾರದ ಒತ್ತಡ ಕಟ್ಟಿಕೊಂಡ ಮೇಲೆ ಈ ವೈನ್ ಸತ್ತ ಯೀಸ್ಟಿನ ಗಸಿಯ ಮೇಲೆ ಸುಮ್ಮನೆ ಮಲಗುತ್ತದೆ. ಶಾಂಪೇನಿನ ಕಾನೂನಿನಂತೆ ವಿಂಟೇಜು ಮಾರುಕಟ್ಟೆಗೆ ಬರಲು ಕನಿಷ್ಠ ಮೂರು ವರ್ಷ ಆಗಬೇಕು. ಹಸಿ ಸೇಬಿನ, ನಿಂಬೆಯ ಚುರುಕಿನ ಹಿಂದೆ ಸುಟ್ಟ ಬ್ರೆಡ್ಡಿನ, ಹುರಿದ ಬಾದಾಮಿಯ ಘಮ ಸೇರುವುದು ಈ ಕಾಯುವಿಕೆಯಲ್ಲೇ.

ಇಂಥದ್ದನ್ನು ಐಸಿನಲ್ಲಿ ಹೂತಿಟ್ಟು, ಕಡ್ಡಿಯಂಥ ಉದ್ದ ಗ್ಲಾಸಿಗೆ ಸುರಿದು, ಚಿಯರ್ಸ್ ಎಂದು ಒಂದೇ ಗುಟುಕಿಗೆ ಮುಗಿಸುವುದು ಅನ್ಯಾಯ. ಅದಕ್ಕೆ ಅಗ್ಗದ ಪ್ರೊಸೆಕ್ಕೊ ಸಾಕು. ಫ್ರಿಜ್ಜಿನಿಂದ ತೆಗೆದು ಹತ್ತು-ಹನ್ನೆರಡು ಡಿಗ್ರಿಗೆ ಏರಲು ಬಿಡಿ, ಅಗಲ ಹೊಟ್ಟೆಯ ಗ್ಲಾಸಿಗೆ ಅರ್ಧಕ್ಕಿಂತ ಕಡಿಮೆ ಹಾಕಿ, ಮೊದಲು ಮೂಸಿ. ನೊರೆಯ ಗದ್ದಲ ಅಡಗಿದ ಮೇಲೆ ಗ್ಲಾಸಿನ ತಳದಲ್ಲಿ ಉಳಿಯುವ ಕೊನೆಯ ಎರಡು ಗುಟುಕೇ ನನಗೆ ಹೆಚ್ಚು ರುಚಿ.

ಜೊತೆಗೆ ಈರುಳ್ಳಿ ಬಜ್ಜಿ, ಉಪ್ಪು ಹಾಕಿ ಹುರಿದ ಗೋಡಂಬಿ ಚೆನ್ನ. ಎಣ್ಣೆಯ ಜಿಡ್ಡನ್ನು ಹುಳಿ ಕತ್ತರಿಸುತ್ತದೆ. ಖಾರ ಜಾಸ್ತಿಯಿದ್ದರೆ ಗುಳ್ಳೆಗಳು ಉರಿ ಹೆಚ್ಚಿಸುತ್ತವೆ. ಹೋಳಿಗೆಯ ಜೊತೆ ಮಾತ್ರ ಬೇಡ, ವೈನ್ ಬರೀ ಹುಳಿಯೆನಿಸುತ್ತದೆ.

ಕೊಳ್ಳುವಾಗ ಮುಂಬದಿಯ ಇಸವಿ ನೋಡಿ. ಗಸಿ ತೆಗೆದ ತಿಂಗಳು ಹಿಂಬದಿಯ ಚೀಟಿಯಲ್ಲಿದ್ದರೆ ಅದನ್ನೂ ಓದಿ. ನೀವು ಹೆಚ್ಚಿನ ದುಡ್ಡು ತೆರುವುದು ಆ ಎರಡರ ನಡುವಿನ ವರ್ಷಗಳಿಗೆ.