ಚಿಕ್ಕಿ ತ್ಯಾಗ ಮಾಡಲಿಲ್ಲ

ಇವತ್ತು ಒಂದೇ ಒಂದು ಪದದ ಬಗ್ಗೆ ಮಾತಾಡೋಣ ಅಂತಿದೀನಿ. ಆ ಪದ ‘ತ್ಯಾಗಮಯಿ’. ನಮ್ಮೂರ ಕಡೆ ಹೆಂಗಸೊಬ್ಬಳು ತೀರಿಕೊಂಡರೆ ಶ್ರದ್ಧಾಂಜಲಿಯ ಬ್ಯಾನರಿನಲ್ಲಿ, ವಾಟ್ಸಾಪ್ ಗುಂಪಿನಲ್ಲಿ, ಎಲ್ಲ ಕಡೆ ಮೊದಲು ಬಂದು ಕೂರುವುದು ಇದೇ ಪದ. ಹೋದ ವರ್ಷ ನಾನೂ ಬಳಸಿದೆ. ಬಳಸಿ ಅಮ್ಮನ ಹತ್ತಿರ ಬೈಸಿಕೊಂಡೆ.

ಚಿಕ್ಕಿ ಅಂದರೆ ಅಮ್ಮನ ತಂಗಿ. ಬೆಂಗಳೂರು, ಮೈಸೂರಿನವರು ಚಿಕ್ಕಮ್ಮ ಅನ್ನುತ್ತಾರೆ; ನಮ್ಮ ಸಾಗರದ ಕಡೆ ಚಿಕ್ಕಿ. ಅವಳು ಮದುವೆ ಆಗಲಿಲ್ಲ. ಯಾಕೆ ಅಂತ ಕೇಳಿದವರಿಗೆ ಒಬ್ಬೊಬ್ಬರಿಗೂ ಒಂದೊಂದು ಕಾರಣ ಹೇಳುತ್ತಿದ್ದಳು, ಯಾವುದೂ ನಿಜವಲ್ಲ. ಶಾಲೆಯಲ್ಲಿ ಲೆಕ್ಕ ಕಲಿಸುತ್ತಿದ್ದಳು. ಹಳೆಯ ಟಿವಿಎಸ್ ಮೊಪೆಡ್ ಒಂದಿತ್ತು. ಅದರ ಮೇಲೆ ಅವಳು ಯಾವ ಊರಿಗೆ ಹೋದಳು, ಯಾವಾಗ ಬರುತ್ತಾಳೆ ಅಂತ ಮನೆಯಲ್ಲಿ ಯಾರಿಗೂ ಗೊತ್ತಿರುತ್ತಿರಲಿಲ್ಲ. ಪ್ರತಿ ಅಕ್ಟೋಬರ್ ಹೆಗ್ಗೋಡಿನ ನೀನಾಸಂ ಶಿಬಿರಕ್ಕೆ ಹೋಗಿ, ರಾತ್ರಿ ನಾಟಕ ನೋಡಿ, ಬೆಳಿಗ್ಗೆ ಅದೇ ಬಟ್ಟೆಯಲ್ಲಿ ನಮ್ಮ ಮನೆಗೆ ಕಾಫಿಗೆ ಬರುತ್ತಿದ್ದಳು. ಕಾಫಿ ಕುಡಿಯುವಾಗ ಹಿಂದಿನ ರಾತ್ರಿಯ ಎಲ್ಲ ಪಾತ್ರಗಳನ್ನೂ ತಾನೇ ಮಾಡಿ ತೋರಿಸುತ್ತಿದ್ದಳು.

ಇದರ ಜೊತೆಗೇ ಅವಳ ಇನ್ನೊಂದು ಬದುಕು. ಮಂಗನ ಕಾಯಿಲೆ ಅಂತ ಕೇಳಿರಬಹುದು. 1957ರಲ್ಲಿ ನಮ್ಮ ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾಗಿದ್ದು, ಉಣುಗು ಕಚ್ಚುವುದರಿಂದ ಬರುವ ಜ್ವರ. 2018ರ ಕೊನೆಯಲ್ಲಿ ಅದು ಸಾಗರ ತಾಲ್ಲೂಕಿನ ಅರಳಗೋಡಿಗೆ ಬಂತು. 2019ರ ಬೇಸಿಗೆ ಬರುವಷ್ಟರಲ್ಲಿ ಅಲ್ಲಿ ಸಾವುಗಳಾಗಿದ್ದವು. ಆ ತಿಂಗಳುಗಳಲ್ಲಿ ಚಿಕ್ಕಿ ಮೊಪೆಡ್ಡಿನ ಚೀಲದಲ್ಲಿ ಡಿಎಂಪಿ ಎಣ್ಣೆಯ ಬಾಟಲಿ ತುಂಬಿಕೊಂಡು ಮನೆಮನೆಗೆ ಹೋದಳು. ಕಾಡಿಗೆ ದರಗು ತರಲು ಹೋಗುವ ಹೆಂಗಸರ ಕೈಕಾಲಿಗೆ ತಾನೇ ಎಣ್ಣೆ ಸವರಿದಳು. ಲಸಿಕೆ ನೋಯುತ್ತದೆ ಅಂತ ಎರಡನೇ ಸಲಕ್ಕೆ ಬಾರದವರನ್ನು ಹುಡುಕಿ ಕರೆತಂದಳು. ರೋಗಿಗಳನ್ನು ಘಟ್ಟ ಇಳಿಸಿ ಮಣಿಪಾಲಕ್ಕೆ ಒಯ್ದಾಗ, ಜೊತೆಗೆ ಬಂದವರಿಗೆ ಫಾರ್ಮ್ ತುಂಬಿಕೊಟ್ಟು, ಊಟ ಎಲ್ಲಿ ಸಿಗುತ್ತದೆ ಅಂತ ತೋರಿಸಿ, ರಾತ್ರಿ ಅವರ ಜೊತೆ ವರಾಂಡದಲ್ಲೇ ಮಲಗಿದಳು. ಯಾವ ಸಂಸ್ಥೆಯೂ ಅವಳನ್ನು ಕಳಿಸಿರಲಿಲ್ಲ. ಸಂಬಳ ಇಲ್ಲ, ಗುರುತಿನ ಚೀಟಿಯೂ ಇಲ್ಲ.

ಹೋದ ಅಕ್ಟೋಬರಿನಲ್ಲಿ, ಶಿಬಿರ ಮುಗಿಸಿ ಬಂದ ಕೆಲವೇ ದಿನಕ್ಕೆ, ನಿದ್ದೆಯಲ್ಲೇ ಹೋದಳು. ನಾನಿರುವುದು ಸ್ವೀಡನ್ನಿನ ಶೋವ್ಡೆಯಲ್ಲಿ. ಮಾಸ್ಟರ್ಸ್ ಮಾಡಲು ಬಂದವನು ಕೆಲಸ ಸಿಕ್ಕಿ ಇಲ್ಲೇ ಉಳಿದೆ. ಟಿಕೆಟ್ ನೋಡಿದೆ, ರಜೆ ಲೆಕ್ಕ ಹಾಕಿದೆ, ಹೋಗಲಿಲ್ಲ. ದೂರದಲ್ಲಿರುವ ನಿಮ್ಮಲ್ಲಿ ಹಲವರಿಗೆ ಈ ಲೆಕ್ಕ ಗೊತ್ತಿರುತ್ತದೆ. ಹೋಗದ ತಪ್ಪಿಗೆ ಒಂದು ಜವಾಬ್ದಾರಿ ವಹಿಸಿಕೊಂಡೆ: ಹದಿಮೂರನೇ ದಿನದ ವೈಕುಂಠ ಸಮಾರಾಧನೆಯಲ್ಲಿ ಓದಲು ಅವಳ ಬಗ್ಗೆ ಒಂದು ಪುಟ ಬರೆಯುವುದು. ರಾತ್ರಿ ಕೂತು ಬರೆದೆ. ‘ತನಗಾಗಿ ಏನನ್ನೂ ಬಯಸದೆ, ಸಂಸಾರ ಸುಖವನ್ನೂ ತೊರೆದು, ಇತರರಿಗಾಗಿ ಜೀವ ಸವೆಸಿದ ತ್ಯಾಗಮಯಿ...’ ಅಂತ ಶುರುವಾಗಿತ್ತು.

ಅಮ್ಮ ಓದಿ ಫೋನ್ ಮಾಡಿದಳು. “ಚೆನ್ನಾಗಿ ಬರ್ದಿದೀಯ. ಆದ್ರೆ ಅವ್ಳು ಯಾವ ತ್ಯಾಗ ಮಾಡಿದ್ಲು ಮಾರಾಯ? ಅವಳಿಗೆ ಬೇಕಾದ್ದನ್ನ ಬೇಕಾದ ಹಾಗೆ ಮಾಡಿದ್ಲು. ತ್ಯಾಗ ಮಾಡಿದವರು ಬೇರೆ.”

ಬೇರೆ ಯಾರು ಅಂತ ನಾನು ಕೇಳಲಿಲ್ಲ. ಕೇಳುವ ಧೈರ್ಯ ಆಗಲಿಲ್ಲ. ಜಾಕೆಟ್ ಹಾಕಿಕೊಂಡು ಹೊರಗೆ ಹೋದೆ.

ಶೋವ್ಡೆ ಸಣ್ಣ ಊರು. ಎಲ್ಲಿಂದ ನಡೆಯಲು ಶುರು ಮಾಡಿದರೂ ಊರ ಮಧ್ಯದ ಸಾಂಕ್ತಾ ಹೆಲೆನಾ ಚರ್ಚಿನ ಮುಂದೆ ಬಂದು ನಿಲ್ಲುತ್ತೀರಿ. ಈ ಹೆಲೆನಾ ಇಲ್ಲಿಯವಳೇ. ಜನ ಎಲಿನ್ ಅಂತ ಕರೆಯುತ್ತಾರೆ. 12ನೇ ಶತಮಾನದ ವಿಧವೆ, ಸಿರಿವಂತೆ. ಕಥೆ ಹೇಳುವ ಪ್ರಕಾರ ತನ್ನ ಆಸ್ತಿಯನ್ನು ಬಡವರಿಗೂ ಈ ಊರಿನ ಚರ್ಚಿಗೂ ಕೊಟ್ಟಳು, ಜೆರುಸಲೇಮಿಗೆ ಯಾತ್ರೆ ಹೋಗಿಬಂದಳು. ಅವಳ ಮಗಳ ಗಂಡ ಕ್ರೂರಿ, ಅವನ ಆಳುಗಳೇ ಅವನನ್ನು ಕೊಂದರು. ಆ ಕೊಲೆಯ ಹೊಣೆಯನ್ನು ಅವನ ನೆಂಟರು ಎಲಿನ್ ಮೇಲೆ ಹೊರಿಸಿ, ಸುಮಾರು 1160ರಲ್ಲಿ, ಅವಳು ಯೋತೆನೆ ಎಂಬಲ್ಲಿಗೆ ಚರ್ಚಿನ ಪ್ರತಿಷ್ಠೆಗೆ ಹೋಗುವಾಗ ದಾರಿಯಲ್ಲಿ ಕೊಂದರು. ಮುಂದೆ ಅವಳು ಸಂತಳಾದಳು. ಸುಮಾರು ನೂರು ವರ್ಷ ಕಳೆದ ಮೇಲೆ ಸ್ಕಾರಾದ ಬಿಷಪ್ ಬ್ರೂನೊಲ್ಫ್ ಅವಳ ಆರಾಧನೆಗೆ ಬೇಕಾದ ಪಠ್ಯ ಬರೆದ ಅಂತ ಪರಂಪರೆ ಹೇಳುತ್ತದೆ.

ಚರ್ಚಿನ ಗೋಡೆ ಪಕ್ಕ ನಿಂತಾಗ ಹೊಳೆದದ್ದು ಇದು. ಎಲಿನ್ ಏನು ಕೊಟ್ಟಳು, ಹೇಗೆ ಸತ್ತಳು ಅಂತ ಕಥೆಯಲ್ಲಿದೆ. ಅವಳಿಗೆ ಏನು ಇಷ್ಟವಿತ್ತು, ಯಾತ್ರೆಯ ದಾರಿಯಲ್ಲಿ ಅವಳಿಗೆ ಮಜಾ ಬಂತೋ ಇಲ್ಲವೋ, ಯಾರನ್ನು ನೋಡಿ ನಗುತ್ತಿದ್ದಳು, ಅದು ಯಾವುದೂ ಇಲ್ಲ. ಅಷ್ಟು ದೂರ ಹೋಗಿಬಂದವಳು ಬರೀ ಪುಣ್ಯಕ್ಕೆ ಹೋಗಿರುತ್ತಾಳಾ? ಸ್ವಲ್ಪವಾದರೂ ತಿರುಗಾಟದ ಹುಚ್ಚು ಇದ್ದಿರಬೇಡವೇ? ಸಂತಳಾಗಿ ಮಾಡುವಾಗ ನಾವು ಮೊದಲು ತೆಗೆದು ಹಾಕುವುದು ಆಸೆಯನ್ನು. ಚಿಕ್ಕಿಗೆ ನಾನು ಮಾಡಿದ್ದೂ ಅದನ್ನೇ, ಹದಿಮೂರು ದಿನ ಕಳೆಯುವುದರೊಳಗೆ.

ಆದರೆ ಇಲ್ಲೊಂದು ಪ್ರಾಮಾಣಿಕ ಪ್ರಶ್ನೆ ಇದೆ. ಖುಷಿಗಾಗಿ ಮಾಡಿದ ಒಳ್ಳೆಯ ಕೆಲಸಕ್ಕೆ ಕಷ್ಟಪಟ್ಟು ಮಾಡಿದ ಒಳ್ಳೆಯ ಕೆಲಸದಷ್ಟೇ ಬೆಲೆ ಇದೆಯಾ? ಜರ್ಮನಿಯ ತತ್ವಜ್ಞಾನಿ ಕಾಂಟ್ 1785ರಲ್ಲಿ ಇದಕ್ಕೆ ಖಡಕ್ ಉತ್ತರ ಕೊಟ್ಟ. ಸಹಾಯ ಮಾಡುವುದರಲ್ಲೇ ಸಂತೋಷ ಪಡುವವನನ್ನು ಹೊಗಳೋಣ, ಹುರಿದುಂಬಿಸೋಣ. ಆದರೆ ಅವನ ಕೆಲಸಕ್ಕೆ ನಿಜವಾದ ನೈತಿಕ ಬೆಲೆ ಇಲ್ಲ, ಯಾಕೆಂದರೆ ಅವನು ತನ್ನ ಒಲವಿನ ಹಿಂದೆ ಹೋಗಿದ್ದಾನೆ, ಕರ್ತವ್ಯದ ಹಿಂದೆ ಅಲ್ಲ. ಅವನಿಗಿಂತ ಎರಡು ಸಾವಿರ ವರ್ಷ ಹಿಂದೆ ಅರಿಸ್ಟಾಟಲ್ ಹೇಳಿದ್ದು ಉಲ್ಟಾ: ಒಳ್ಳೆಯ ಕೆಲಸದಲ್ಲಿ ಸಂತೋಷ ಪಡದವನು ಇನ್ನೂ ಒಳ್ಳೆಯವನಾಗಿಲ್ಲ.

ನಾವು ತ್ಯಾಗವನ್ನು ಹೊಗಳುವಾಗ ಗೊತ್ತಿಲ್ಲದೆಯೇ ಕಾಂಟನ ಪಕ್ಷ ಸೇರುತ್ತೇವೆ: ನೋವಾಗದಿದ್ದರೆ ಪುಣ್ಯ ಇಲ್ಲ. ಆದರೆ ನಮ್ಮ ಭಾಷೆಯಲ್ಲೇ ಇನ್ನೊಂದು ಪದ ಇದೆ, ‘ಕಾಯಕ’. ಶೋವ್ಡೆಯಲ್ಲಿ ಎಲಿನ್ ಬದುಕಿದ್ದ ಶತಮಾನದಲ್ಲೇ ಕಲ್ಯಾಣದ ಶರಣರು ಅದರ ಬಗ್ಗೆ ಮಾತಾಡುತ್ತಿದ್ದರು. ಆಯ್ದಕ್ಕಿ ಲಕ್ಕಮ್ಮನ ಕಥೆ ನೆನಪಿದೆಯಾ? ಗಂಡ ಮಾರಯ್ಯ ಬಿದ್ದ ಅಕ್ಕಿ ಆಯ್ದು ತರುವವನು. ಒಂದು ದಿನ ಎಂದಿಗಿಂತ ಜಾಸ್ತಿ ತಂದ. ಇಷ್ಟೊಂದು ಆಸೆ ನಮಗೇಕೆ, ಎಲ್ಲಿಂದ ತಂದೆಯೋ ಅಲ್ಲೇ ಹಾಕಿ ಬಾ ಅಂತ ಅವಳು ವಾಪಸ್ ಕಳಿಸಿದಳು. ಬಡತನದಲ್ಲಿ ಮಿಕ್ಕ ಅಕ್ಕಿ ಬಿಟ್ಟದ್ದನ್ನು ಯಾರೂ ತ್ಯಾಗ ಅನ್ನುವುದಿಲ್ಲ. ಅವಳಿಗೆ ಅದು ಬೇಕಿರಲಿಲ್ಲ, ಅಷ್ಟೇ. ಚಿಕ್ಕಿಗೆ ಸಂಸಾರ ಬೇಕಿರಲಿಲ್ಲ. ಬೇಡದ್ದನ್ನು ಬಿಟ್ಟದ್ದಕ್ಕೆ ತ್ಯಾಗ ಅನ್ನುವುದು ಸುಳ್ಳು ಲೆಕ್ಕ.

ಸುಳ್ಳು ಅನ್ನುವುದಕ್ಕಿಂತ, ಅದು ನಮಗೆ ಅನುಕೂಲದ ಲೆಕ್ಕ. ನಾನು ಡೇಟಾ ಸೈಂಟಿಸ್ಟ್. ಸಾವಿರ ಬಿಂದುಗಳ ನಡುವೆ ಒಂದು ಎಲ್ಲೋ ದೂರ ಬಿದ್ದಿದ್ದರೆ ಅದಕ್ಕೆ ಔಟ್‌ಲೈಯರ್ ಅಂತ ಹೆಸರಿಟ್ಟು ತೆಗೆದು ಹಾಕುವುದು ನಮ್ಮಲ್ಲಿ ರೂಢಿ. ಸರಾಸರಿ ಕೆಡಬಾರದಲ್ಲ. ‘ತ್ಯಾಗಮಯಿ’ ಅನ್ನುವುದೂ ಹಾಗೆಯೇ. ಅವಳು ದೇವತೆ ಅಂದುಬಿಟ್ಟರೆ ನಾವು ಮನುಷ್ಯರು ನಮ್ಮ ಪಾಡಿಗೆ ಇರಬಹುದು. ‘ಅಷ್ಟೆಲ್ಲ ನಮ್ಮ ಕೈಲಿ ಆಗುತ್ತಾ’ ಅಂತ ಕೈ ಮುಗಿದು ಸುಮ್ಮನಾಗಬಹುದು. ಅದರ ಬದಲು ‘ಅವಳಿಗೆ ಮಜಾ ಬರುತ್ತಿತ್ತು’ ಅಂದು ನೋಡಿ. ತಕ್ಷಣ ಅದು ನಿಮ್ಮ ನಮ್ಮ ಕೈಗೆ ಸಿಗುವ ದೂರಕ್ಕೆ ಬರುತ್ತದೆ. ಆಗ ತಪ್ಪಿಸಿಕೊಳ್ಳುವುದು ಕಷ್ಟ.

ಇಲ್ಲಿಗೆ ನಿಲ್ಲಿಸಿದ್ದರೆ ನನ್ನ ಬರಹಕ್ಕೆ ಒಳ್ಳೆಯ ಮುಕ್ತಾಯ ಸಿಗುತ್ತಿತ್ತು. ಆದರೆ ಅಮ್ಮನ ಮಾತಿನ ಕೊನೆ ಉಳಿದಿದೆ: ತ್ಯಾಗ ಮಾಡಿದವರು ಬೇರೆ.

ನಮ್ಮ ಅಜ್ಜಿ ಕೊನೆಯ ಮೂರು ವರ್ಷ ಹಾಸಿಗೆ ಹಿಡಿದಿದ್ದಳು. ನೋಡಿಕೊಂಡದ್ದು ಅಮ್ಮ. ಚಿಕ್ಕಿ ಬರುತ್ತಿದ್ದಳು, ಅಜ್ಜಿಯನ್ನು ನಗಿಸುತ್ತಿದ್ದಳು, ಗಂಟೆ ಹೊತ್ತಿಗೆ ಮೊಪೆಡ್ ಶಬ್ದ ಕೇಳುತ್ತಿತ್ತು. ಬಟ್ಟೆ ಬದಲಿಸಿದ್ದು, ರಾತ್ರಿ ಎದ್ದದ್ದು ಅಮ್ಮ. ಅರಳಗೋಡಿನ ಕಾಯಿಲೆಯವರ ಜೊತೆ ವರಾಂಡದಲ್ಲಿ ಮಲಗಿದವಳು ಸ್ವಂತ ಅಮ್ಮನ ಮಂಚದ ಪಕ್ಕ ಮಲಗಿದ್ದು ಕಡಿಮೆ. ಅವಳ ಸ್ವಾತಂತ್ರ್ಯಕ್ಕೆ ಒಂದು ಬಿಲ್ ಇತ್ತು. ಅದನ್ನು ಅವಳ ಅಕ್ಕ ಕಟ್ಟಿದಳು. ಆ ಅಕ್ಕನ ಬಗ್ಗೆ ಯಾರೂ ಪುಟ ಬರೆಯುವುದಿಲ್ಲ, ಯಾಕೆಂದರೆ ಮನೆಯೊಳಗಿನ ಕೆಲಸಕ್ಕೆ ಸಮಾಜಸೇವೆ ಅನ್ನುವ ಹೆಸರಿಲ್ಲ.

ಹಾಗಾದರೆ ಚಿಕ್ಕಿ ಒಳ್ಳೆಯವಳಲ್ಲವಾ? ಒಳ್ಳೆಯವಳೇ. ಒಂದು ಸಾಲ ಇದ್ದ ಒಳ್ಳೆಯವಳು. ಸತ್ತವರನ್ನು ಪ್ರೀತಿಸುವುದು ಅಂದರೆ ಅವರ ಸಾಲ ಅಳಿಸಿ ಹಾಕುವುದಲ್ಲ, ಯಾರಿಗೆ ಬಾಕಿ ಇತ್ತೋ ಅವರ ಹೆಸರನ್ನೂ ಪಕ್ಕದಲ್ಲಿ ಬರೆಯುವುದು ಅಂತ ಈಗ ನನಗೆ ಅನ್ನಿಸುತ್ತದೆ.

ಪುಟ ಹರಿದು ಹಾಕಿ ಹೊಸದಾಗಿ ಬರೆದೆ. ಎಣ್ಣೆ ಬಾಟಲಿ, ನಾಟಕ, ಮದುವೆಯಾಗದ್ದಕ್ಕೆ ಕೊಟ್ಟ ಸುಳ್ಳು ಕಾರಣಗಳು ಎಲ್ಲ ಬಂದವು. ‘ಅವಳು ಹೀಗೆಲ್ಲ ತಿರುಗಲು ಆದದ್ದು ಮನೆಯಲ್ಲಿ ಅವಳ ಅಕ್ಕ ಇದ್ದದ್ದರಿಂದ’ ಅಂತ ಒಂದು ಸಾಲು. ಸಮಾರಾಧನೆಯ ದಿನ ವಿಡಿಯೋ ಕಾಲ್‌ನಲ್ಲಿ ನಾನೇ ಓದಿದೆ. ಅಲ್ಲಿ ಮಧ್ಯಾಹ್ನ ಹನ್ನೆರಡು, ಇಲ್ಲಿ ಬೆಳಿಗ್ಗೆ ಏಳೂವರೆ. ಆ ಸಾಲು ಬಂದಾಗ ಅಮ್ಮ ಎದ್ದು ಒಳಗೆ ಹೋದಳು. ಸಿಟ್ಟು ಬಂತೇನೋ ಅಂದುಕೊಂಡೆ. ಆಮೇಲೆ ಅಣ್ಣ ಹೇಳಿದ: ಬಡಿಸಲು ಎಲೆ ಹಾಕಿಸುತ್ತಿದ್ದಳಂತೆ, ಕಣ್ಣು ಒರೆಸಿಕೊಳ್ಳುತ್ತ. ರಾತ್ರಿ ಫೋನಿನಲ್ಲಿ ಇಷ್ಟೇ ಅಂದಳು: “ಅವ್ಳಿದ್ದಿದ್ರೆ ಇದನ್ನ ಓದಿ ಬಿದ್ದು ಬಿದ್ದು ನಗ್ತಿದ್ಲು.”

ಅದೇ ವಾರ ಇಲ್ಲಿ ಸಂತರ ದಿನ. ಅಕ್ಟೋಬರ್ 31ರಿಂದ ನವೆಂಬರ್ 6ರ ನಡುವೆ ಬರುವ ಶನಿವಾರ, ಸ್ವೀಡನ್ನಿನ ಜನ ಸ್ಮಶಾನಗಳಿಗೆ ಹೋಗಿ ದೀಪ ಹಚ್ಚುತ್ತಾರೆ. ಇಲ್ಲಿ ‘ಮಿನ್ನೆಸ್‌ಲುಂಡ್’ ಅಂತ ಒಂದು ವ್ಯವಸ್ಥೆ ಇದೆ: ನೆನಪಿನ ತೋಪು. ಅಲ್ಲಿ ಬೂದಿಯನ್ನು ಹೆಸರಿಲ್ಲದೆ, ಗುರುತಿಲ್ಲದೆ ಮಣ್ಣಿಗೆ ಸೇರಿಸುತ್ತಾರೆ. ಮನೆಯವರಿಗೂ ನಿಖರವಾದ ಜಾಗ ಗೊತ್ತಿರುವುದಿಲ್ಲ. ದೀಪ ಇಡಲು ಎಲ್ಲರಿಗೂ ಸೇರಿ ಒಂದೇ ಜಾಗ. ಯಾರ ದೀಪ ಯಾರಿಗೆ ಅಂತ ಯಾರೂ ಕೇಳುವುದಿಲ್ಲ. ನಾನು ಎರಡು ಇಟ್ಟೆ. ಒಂದು ಚಿಕ್ಕಿಗೆ. ಇನ್ನೊಂದನ್ನು ಬದುಕಿರುವವರಿಗೆ ಇಡಬಾರದು ಅಂತ ನೀವು ಹೇಳಬಹುದು. ಗೊತ್ತು. ಆದರೂ ಇಟ್ಟೆ. ಮನೆಗೆ ಬಂದು ಅಮ್ಮನಿಗೆ ಮತ್ತೆ ಫೋನ್ ಮಾಡಿದೆ, ಈ ಸಲ ಅಜ್ಜಿಯ ಆ ಮೂರು ವರ್ಷದ ಬಗ್ಗೆ ಕೇಳಲು. ಒಂದೂವರೆ ಗಂಟೆ ಮಾತಾಡಿದಳು. ಯಾರೂ ಅದನ್ನು ಅವಳ ಹತ್ತಿರ ಕೇಳಿರಲಿಲ್ಲ.

ನಿಮ್ಮ ಮನೆಯಲ್ಲೂ ಒಬ್ಬ ಚಿಕ್ಕಿ ಇರುತ್ತಾಳೆ. ಅವಳ ಬೆನ್ನ ಹಿಂದೆ ಒಬ್ಬ ಅಕ್ಕನೂ ಇರುತ್ತಾಳೆ. ಈ ವಾರಾಂತ್ಯ ಊರಿಗೆ ಫೋನ್ ಮಾಡುತ್ತೀರಲ್ಲ, ಆ ಅಕ್ಕನ ಹತ್ತಿರ ಸ್ವಲ್ಪ ಹೊತ್ತು ಮಾತಾಡಿ.