ಕಾಯಕವೂ ಕಡವೂ

ಕನ್ನಡ ನಾಡಿನ ಊರೂರ ಕಿರಾಣಿ ಅಂಗಡಿಗಳಲ್ಲಿ ಗಲ್ಲಾಪೆಟ್ಟಿಗೆಯ ಮೇಲುಗಡೆ ತೂಗುಹಾಕಿದ ಹಲಗೆಯೊಂದನ್ನು ಕಾಣದವರು ವಿರಳ. “ಇಂದು ನಗದು, ನಾಳೆ ಉದ್ರಿ” ಎಂಬುದೇ ಅದರ ಬರಹ. ಆ ನಾಳೆಯು ಎಂದಿಗೂ ಬಾರದೆಂಬುದನ್ನು ಅರಿತು ಗಿರಾಕಿಗಳು ನಗುತ್ತಿದ್ದರು. ಆದರೆ ಆ ನಗೆಯೊಳಗೆ ಒಂದು ವಿವೇಕವು ಅಡಗಿತ್ತು. ಕೊಳ್ಳುವ ಕೈಯೂ ಕೊಡುವ ಕೈಯೂ ಒಂದೇ ಗಳಿಗೆಯಲ್ಲಿ ಚಾಚಿದರೆ ಮನಸ್ಸು ಎಚ್ಚರವಾಗಿರುತ್ತದೆಂಬುದೇ ಆ ವಿವೇಕ. ಇಂದಿನ ವ್ಯಾಪಾರವು ಆ ಹಲಗೆಯನ್ನು ತಿರುವಿ ಬರೆದಿದೆ. ಅಂಗೈಯ ಮೊಬೈಲಿನೊಳಗೆ ತೆರೆದಿರುವ ಅಂಗಡಿಯು “ಇಂದು ಉದ್ರಿ, ನಾಳೆ ನಗದು” ಎನ್ನುತ್ತದೆ. ಈ ನಾಳೆಯಾದರೋ ಹೇಳಿದ ದಿನಕ್ಕೆ ತಪ್ಪದೆ ಬಂದು ಬಾಗಿಲಲ್ಲಿ ನಿಲ್ಲುತ್ತದೆ.

ಆನ್‌ಲೈನ್ ಅಂಗಡಿಯಲ್ಲಿ ಬೇಕಾದ ವಸ್ತುವನ್ನು ಆರಿಸಿ, ಹಣ ಸಲ್ಲಿಸುವ ಪುಟಕ್ಕೆ ಬಂದ ಗೃಹಸ್ಥನ ಮುಂದೆ ಹಲವು ದಾರಿಗಳು ತೆರೆದುಕೊಳ್ಳುತ್ತವೆ. ಯು.ಪಿ.ಐ., ಬ್ಯಾಂಕಿನ ಕಾರ್ಡು, ವಸ್ತು ಮನೆಗೆ ಬಂದಾಗ ನಗದು ಎಂಬವುಗಳ ಸಾಲಿನಲ್ಲಿಯೇ “ಈಗ ಕೊಳ್ಳಿ, ಆಮೇಲೆ ಕೊಡಿ” ಎಂಬ ದಾರಿಯೂ ಇರುತ್ತದೆ. ಅದನ್ನು ಒತ್ತಿದರೆ ಕೈಯಿಂದ ಒಂದು ಕಾಸೂ ಹೋಗದೆ ವಸ್ತುವು ಮನೆಗೆ ಹೊರಡುತ್ತದೆ. ಹಣವನ್ನು ಹದಿನೈದು ದಿನಕ್ಕೋ, ತಿಂಗಳಿಗೋ, ಮೂರು ಕಂತುಗಳಲ್ಲಿಯೋ ತೀರಿಸಬೇಕೆಂಬ ಕರಾರು ಅದರ ಹಿಂದಿರುತ್ತದೆ. ಅಂಗಡಿಯವನಿಗೆ ಹಣವು ಬಹುಬೇಗ ಮುಟ್ಟುತ್ತದೆ. ಅದನ್ನು ಕೊಟ್ಟವನು ಬೇರೆಯವನು; ಆತನು ಒಂದು ಬ್ಯಾಂಕು ಅಥವಾ ಬ್ಯಾಂಕೇತರ ಹಣಕಾಸು ಸಂಸ್ಥೆ. ಆದುದರಿಂದ ಆ ಗುಂಡಿಯನ್ನು ಒತ್ತಿದವನು ಅಂಗಡಿಯ ಉದ್ರಿ ಗಿರಾಕಿಯಾಗಲಿಲ್ಲ, ಅರಿಯದ ಊರಿನ ಧಣಿಯೊಬ್ಬನಿಗೆ ಸಾಲಗಾರನಾದನು. ಹೆಸರು ಎಷ್ಟೇ ಮೃದುವಾಗಿರಲಿ, ಅದು ಕಡವೇ ಸರಿ.

ಹಿಂದಿನ ಉದ್ರಿಗೂ ಇದಕ್ಕೂ ಅಂತರವುಂಟು. ಊರ ಅಂಗಡಿಯವನು ತನ್ನ ಖಾತೆ ಪುಸ್ತಕದಲ್ಲಿ ಬರೆದುಕೊಳ್ಳುವಾಗ ಗಿರಾಕಿಯ ಮನೆಯನ್ನು ಅರಿತಿದ್ದನು. ಮಳೆ ಬಾರದ ವರ್ಷದಲ್ಲಿ ಸುಗ್ಗಿಯವರೆಗೆ ತಾಳುತ್ತಿದ್ದನು. ಬಾಕಿ ಮಿತಿಮೀರಿದರೆ “ಸಾಕು, ಮೊದಲು ಹಳೆಯದನ್ನು ತೀರಿಸಿರಿ” ಎಂದು ಕೈ ತಡೆಯುತ್ತಿದ್ದನು. ಯಂತ್ರಕ್ಕೆ ಗೊತ್ತಿರುವುದು ಗಡುವಿನ ದಿನ ಮಾತ್ರ. ಒಂದು ಆ್ಯಪ್ ತಡೆದರೆ ಇನ್ನೊಂದು ಕರೆಯುತ್ತದೆ. ಬಡ್ಡಿಯಿಲ್ಲದೆ ಕೊಡುವ ಔದಾರ್ಯವಾದರೂ ಎಲ್ಲಿಂದ ಬಂದಿತು? ಉದ್ರಿಯ ಸೌಕರ್ಯವಿದ್ದರೆ ಜನರು ಹೆಚ್ಚಾಗಿ ಕೊಳ್ಳುವರೆಂದು ಅಂಗಡಿಯವನು ಸಾಲದ ಸಂಸ್ಥೆಗೆ ಶುಲ್ಕ ತೆರುತ್ತಾನೆ. ಗಡುವು ಮೀರಿದವನು ತಡದ ಶುಲ್ಕ ತೆರುತ್ತಾನೆ. ಕೊಳ್ಳುವವನ ಆಸೆಯೂ ಮರೆವೂ ಈ ವ್ಯಾಪಾರದ ಎರಡು ಎತ್ತುಗಳು.

ಲೆಕ್ಕವನ್ನು ಒಮ್ಮೆ ಬಿಡಿಸಿ ನೋಡಬೇಕು. 1,200 ರೂಪಾಯಿಯ ಬಟ್ಟೆಯನ್ನು ಒಬ್ಬನು ಹೀಗೆ ಕೊಂಡನೆನ್ನಿ. ಗಡುವು ತಪ್ಪಿ ಒಂದು ತಿಂಗಳು ತಡವಾಗಿ 100 ರೂಪಾಯಿ ಶುಲ್ಕ ಬಿದ್ದಿತೆನ್ನಿ. ನೂರು ರೂಪಾಯಿಯೇನು ಮಹಾ ಎಂದು ಮನಸ್ಸು ಹೇಳುತ್ತದೆ. ಆದರೆ ತಿಂಗಳಿಗೆ ಶೇಕಡಾ 8ಕ್ಕೆ ಮಿಕ್ಕಿದ ಆ ಹೊರೆಯನ್ನು ವರ್ಷಕ್ಕೆ ಎಣಿಸಿದರೆ ಶೇಕಡಾ 100 ಆಗುತ್ತದೆ. ವರ್ಷಕ್ಕೆ ನೂರಕ್ಕೆ ನೂರು ಬಡ್ಡಿ ಕೇಳುವ ಲೇವಾದೇವಿಗಾರನ ಮೆಟ್ಟಿಲನ್ನು ಯಾವ ವಿವೇಕಿಯು ಹತ್ತುವನು? “ಬಡ್ಡಿಯಿಲ್ಲದ ಕಂತು” ಎಂಬ ಮಾತೂ ಪರೀಕ್ಷೆಗೆ ತಕ್ಕುದೇ. ಶೂನ್ಯ ಬಡ್ಡಿಯೆಂಬ ಕಲ್ಪನೆಯೇ ಇಲ್ಲದ್ದೆಂದೂ, ಬಡ್ಡಿಯನ್ನು ಹಲವು ವೇಳೆ ಸಂಸ್ಕರಣಾ ಶುಲ್ಕದ ರೂಪದಲ್ಲಿ ಮರೆಮಾಡಲಾಗುತ್ತದೆಂದೂ ಭಾರತೀಯ ರಿಸರ್ವ್ ಬ್ಯಾಂಕು 2013ರ ಸೆಪ್ಟೆಂಬರಿನಲ್ಲಿಯೇ ಬ್ಯಾಂಕುಗಳಿಗೆ ತಿಳಿಸಿತ್ತು. ನಗದು ಕೊಟ್ಟವನಿಗೆ ದೊರೆಯುವ ರಿಯಾಯಿತಿಯು ಕಂತಿನವನಿಗೆ ತಪ್ಪಿದರೆ, ಆ ತಪ್ಪಿದ ರಿಯಾಯಿತಿಯೇ ಬಡ್ಡಿ.

ಇದಕ್ಕಿಂತ ದೊಡ್ಡ ಅಪಾಯವು ಸಣ್ಣತನದಲ್ಲಿದೆ. ಹತ್ತು ಸಾವಿರದ ಸಾಲವನ್ನು ಕೇಳಬೇಕಾದರೆ ಮನುಷ್ಯನು ರಾತ್ರಿಯೆಲ್ಲ ಯೋಚಿಸುತ್ತಾನೆ. ಎಂಟುನೂರು, ಆರುನೂರು, ಸಾವಿರದ ಇನ್ನೂರು ಎಂದು ಹತ್ತು ಸಲ ಒತ್ತುವಾಗ ಯೋಚಿಸುವುದಿಲ್ಲ. ಪಾದರಕ್ಷೆಯದೊಂದು ಕಂತು, ಊಟದ ಆ್ಯಪಿನದೊಂದು ಬಾಕಿ, ಹಬ್ಬದ ಸೀರೆಯದೊಂದು ಗಡುವು. ಒಂದೊಂದು ಒಂದೊಂದು ತಾರೀಖಿಗೆ. ಸಂಬಳವು ಬಂದ ದಿನವೇ ಖಾತೆಯಿಂದ ತಾನಾಗಿ ಹರಿದುಹೋಗುತ್ತದೆ. ಖಾತೆಯಲ್ಲಿ ಹಣವಿಲ್ಲದೆ ಆ ಕಡಿತವು ವಿಫಲವಾದರೆ ಸಾಲದವನ ಶುಲ್ಕದ ಮೇಲೆ ಬ್ಯಾಂಕಿನ ಶುಲ್ಕವೂ ಬೀಳಬಹುದು. ಇರುವೆಗಳು ಸಾಲಾಗಿ ಬಂದು ಸಕ್ಕರೆಯ ಡಬ್ಬಿಯನ್ನು ಬರಿದು ಮಾಡಿದಂತೆ ಮನೆಯ ಆದಾಯವು ಸದ್ದಿಲ್ಲದೆ ಕರಗುತ್ತದೆ.

ಇಲ್ಲಿ ಹಾನಿಗೊಳಗಾಗುವುದು ಹಣವೊಂದೇ ಅಲ್ಲ. ಹನ್ನೆರಡನೆಯ ಶತಮಾನದ ಶರಣರು ದುಡಿಮೆಯನ್ನು ಕಾಯಕವೆಂದು ಕರೆದು ಅದಕ್ಕೆ ಪೂಜೆಯ ಘನತೆಯನ್ನು ಕೊಟ್ಟರು. ಕಾಯಕದಿಂದ ಬಂದುದರಲ್ಲಿ ತಾನುಂಡು, ಉಳಿದುದನ್ನು ಸಮಾಜಕ್ಕೆ ಸಲ್ಲಿಸುವುದು ದಾಸೋಹ. ಈ ಎರಡಕ್ಕೂ ಒಂದು ಕ್ರಮವುಂಟು: ಮೊದಲು ದುಡಿಮೆ, ಆಮೇಲೆ ಭೋಗ, ಜೊತೆಗೇ ನೀಡಿಕೆ. ಆಸೆಗಾಗಿ ಮಾಡಿದ ಕಡವು ಈ ಕ್ರಮವನ್ನು ತಲೆಕೆಳಗು ಮಾಡುತ್ತದೆ. ಭೋಗವು ಮೊದಲಾಗಿ ದುಡಿಮೆಯು ಹಿಂದಾಗುತ್ತದೆ. ನೀಡಿಕೆಗೆ ಎಡೆಯೇ ಉಳಿಯುವುದಿಲ್ಲ. ಇನ್ನೂ ಮಾಡದ ಕಾಯಕವನ್ನು ಇಂದೇ ಒತ್ತೆಯಿಟ್ಟವನು ನಾಳೆ ದುಡಿಯುವಾಗ ಹರ್ಷದಿಂದ ದುಡಿಯಬಲ್ಲನೇ? ಆತನ ದುಡಿಮೆಯು ಆಗಲೇ ಹರಿದುಹೋದ ಬಟ್ಟೆಗೆ, ಮರೆತುಹೋದ ಊಟಕ್ಕೆ ತೆರುವ ಜೀತವಾಗುತ್ತದೆ. ಕಾಯಕವು ಜೀತವಾಗುವುದಕ್ಕಿಂತ ದೊಡ್ಡ ನಷ್ಟವು ಗೃಹಸ್ಥನಿಗೆ ಬೇರೊಂದಿಲ್ಲ.

ಆಯ್ದಕ್ಕಿ ಮಾರಯ್ಯನವರ ಚರಿತೆಯನ್ನು ಭಕ್ತರೆಲ್ಲರೂ ಬಲ್ಲರು. ಕಲ್ಯಾಣದಲ್ಲಿ ನೆಲಕ್ಕೆ ಬಿದ್ದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುವುದು ಆ ಶರಣನ ಕಾಯಕ. ಒಂದು ದಿನ ಆತನು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದನು. ಸತಿ ಲಕ್ಕಮ್ಮನು ಹಿಗ್ಗಲಿಲ್ಲ. ಬೇಕಾದಷ್ಟನ್ನು ಮಾತ್ರ ಉಳಿಸಿ ಮಿಕ್ಕುದನ್ನು ಅಲ್ಲಿಯೇ ಸುರಿದು ಬರಬೇಕೆಂದು ಗಂಡನನ್ನು ಹಿಂದಕ್ಕೆ ಕಳುಹಿದಳು. ಆ ಅಕ್ಕಿಯು ಕಡದ್ದಲ್ಲ, ಕದ್ದುದೂ ಅಲ್ಲ. ಆದರೂ ಅಗತ್ಯವನ್ನು ಮೀರಿದ ಆಸೆಯು ಮನೆಯೊಳಗೆ ಬರಬಾರದೆಂಬುದು ಆ ಸಾಧ್ವಿಯ ನಿಲುವು. ಧರ್ಮವಾಗಿ ಬಂದ ಹೆಚ್ಚಿಗೆಯನ್ನೇ ಆಕೆ ಹೊಸ್ತಿಲಲ್ಲಿ ತಡೆದಿರುವಾಗ, ಇನ್ನೂ ಗಳಿಸದ ಹಣದಿಂದ ತಂದ ಹೆಚ್ಚಿಗೆಗೆ ಆಕೆಯ ಉತ್ತರವೇನಿದ್ದೀತು? ಇನ್ನೊಂದು ಅಂಶವನ್ನೂ ಗಮನಿಸಬೇಕು. ಆ ಮನೆಯಲ್ಲಿ ಏನು ಬಂದಿತು, ಎಷ್ಟು ಬಂದಿತು ಎಂಬುದು ಸತಿಪತಿಗಳಿಬ್ಬರಿಗೂ ತಿಳಿದಿತ್ತು. ಇಂದಿನ ಗುಂಡಿಯ ಕಡವಾದರೋ ಒಬ್ಬರ ಮೊಬೈಲಿನಲ್ಲಿ ಹುಟ್ಟಿ, ಇನ್ನೊಬ್ಬರಿಗೆ ತಿಳಿಯದೆಯೇ ಬೆಳೆಯುತ್ತದೆ.

ಹಾಗೆಂದು ಕಡವೆಲ್ಲವೂ ಪಾಪವೆಂದು ಹೇಳುವುದು ಸಲ್ಲದು. ಬಿತ್ತನೆಯ ಕಾಲದಲ್ಲಿ ರೈತನು, ಮಗ್ಗಕ್ಕೆ ನೂಲು ಕೊಳ್ಳುವಾಗ ನೇಕಾರನು, ಮಗುವಿನ ಓದಿಗಾಗಿ ತಾಯಿತಂದೆಗಳು, ಆಸ್ಪತ್ರೆಯ ಬಾಗಿಲಲ್ಲಿ ನಿಂತ ಸಂಸಾರಿಯು ಕಡಕ್ಕೆ ಕೈಯೊಡ್ಡುವುದು ತಪ್ಪಲ್ಲ. ತಿಂಗಳ ಸಂಬಳದಲ್ಲಿ ಬದುಕುವವನು ಕೆಟ್ಟುಹೋದ ಮಿಕ್ಸರಿಗೋ ಮಗಳ ಶಾಲೆಯ ಸಮವಸ್ತ್ರಕ್ಕೋ ಲೆಕ್ಕವಿಟ್ಟು ಮೂರು ಕಂತು ಮಾಡಿಕೊಂಡು, ಗಡುವಿಗೆ ಮೊದಲೇ ತೀರಿಸಿದರೆ ಅವನಲ್ಲಿ ದೋಷವಿಲ್ಲ. ಕತ್ತಿಯು ತರಕಾರಿಯನ್ನೂ ಹೆಚ್ಚುತ್ತದೆ, ಬೆರಳನ್ನೂ ಕೊಯ್ಯುತ್ತದೆ. ಹಿಡಿಯುವ ಕೈಯಲ್ಲಿ ಎಚ್ಚರವಿರಬೇಕಾದುದೇ ಮುಖ್ಯ.

ಆ ಎಚ್ಚರಕ್ಕೆ ಕೆಲವು ನಿಯಮಗಳು ನೆರವಾಗುತ್ತವೆ. ಗುಂಡಿಯನ್ನು ಒತ್ತುವ ಮುನ್ನ ಗೃಹಸ್ಥನು ತನ್ನನ್ನು ತಾನೇ ಕೇಳಿಕೊಳ್ಳಲಿ: ಈ ವಸ್ತುವಿಗೆ ಇಂದೇ ನಗದು ಕೊಡಬೇಕಾಗಿದ್ದರೂ ಕೊಳ್ಳುತ್ತಿದ್ದೆನೇ? ಇದು ಎಷ್ಟು ದಿನದ ದುಡಿಮೆಯ ಬೆಲೆ? ಗಡುವಿನ ದಿನ ಖಾತೆಯಲ್ಲಿ ಹಣವಿರುವುದು ಖಂಡಿತವೇ? ಮನೆಯವರಿಗೆ ಇದನ್ನು ಹೇಳಬಲ್ಲೆನೇ? ನಾಲ್ಕರಲ್ಲಿ ಒಂದಕ್ಕೆ ಇಲ್ಲವೆಂಬ ಉತ್ತರ ಬಂದರೂ ವಸ್ತುವು ಬುಟ್ಟಿಯಲ್ಲಿಯೇ ಒಂದು ರಾತ್ರಿ ಕಳೆಯಲಿ. ಬೆಳಗಾಗುವಾಗ ಎಷ್ಟೋ ಆಸೆಗಳು ತಾವಾಗಿಯೇ ಇಳಿದಿರುತ್ತವೆ. ಕೊಂಡುದಾದರೆ ಸಂಸ್ಥೆ, ಮೊತ್ತ, ಗಡುವು ಎಂಬ ಮೂರನ್ನು ಮನೆಯವರೆಲ್ಲರೂ ನೋಡುವ ಪುಸ್ತಕದಲ್ಲಿ ಬರೆದಿಡಬೇಕು. ಒಂದು ಬಾಕಿಯು ತೀರುವವರೆಗೆ ಎರಡನೆಯದನ್ನು ಮಾಡಬಾರದು. ವಸ್ತುವನ್ನು ಹಿಂದಿರುಗಿಸಿದ ಮಾತ್ರಕ್ಕೆ ಕಡವು ಹಿಂದಿರುಗುವುದಿಲ್ಲ. ಅಂಗಡಿಯು ಹಣವನ್ನು ಮರಳಿಸಿ ಸಾಲದ ಸಂಸ್ಥೆಯು ಅದನ್ನು ಜಮಾ ಮಾಡಿಕೊಳ್ಳುವವರೆಗೆ ಕಂತಿನ ಮೇಲೆ ಕಣ್ಣಿಟ್ಟಿರಬೇಕು.

ರಾಜ್ಯದ ಕಾನೂನೂ ಸಾಲಗಾರನಿಗೆ ಕೆಲವು ಆಸರೆಗಳನ್ನು ಕೊಟ್ಟಿದೆ. 2022ರ ಸೆಪ್ಟೆಂಬರ್ 2ರಂದು ರಿಸರ್ವ್ ಬ್ಯಾಂಕು ಡಿಜಿಟಲ್ ಸಾಲದ ಮಾರ್ಗಸೂಚಿಗಳನ್ನು ಹೊರಡಿಸಿ, 2025ರ ಮೇ 8ರ ನಿರ್ದೇಶನಗಳಲ್ಲಿ ಅವನ್ನು ಒಟ್ಟುಗೂಡಿಸಿತು. ಇವುಗಳ ಪ್ರಕಾರ ವಾರ್ಷಿಕ ವೆಚ್ಚದ ದರವನ್ನೂ ಶುಲ್ಕಗಳನ್ನೂ ತಿಳಿಸುವ ಮುಖ್ಯಾಂಶ ಪತ್ರವನ್ನು ಸಾಲಕ್ಕೆ ಮೊದಲೇ ಕೊಡಬೇಕು. ಸಾಲಗಾರನು ಸ್ಪಷ್ಟವಾಗಿ ಒಪ್ಪದೆ ಸಾಲದ ಮಿತಿಯನ್ನು ತಾನಾಗಿ ಏರಿಸಬಾರದು. ಮನಸ್ಸು ಬದಲಾದವನು ಅಸಲನ್ನೂ ಆ ಅವಧಿಯ ವೆಚ್ಚವನ್ನೂ ಕೊಟ್ಟು, ದಂಡವಿಲ್ಲದೆ ಹೊರಬರಲು ಕನಿಷ್ಠ ಒಂದು ದಿನದ ಅವಕಾಶವಿರಬೇಕು. ಮೊಬೈಲಿನಲ್ಲಿರುವ ಬಂಧುಮಿತ್ರರ ಸಂಖ್ಯೆಗಳನ್ನೂ ಚಿತ್ರಗಳನ್ನೂ ಸಾಲದ ಆ್ಯಪ್ ಮುಟ್ಟಬಾರದು. ವಸೂಲಿಗಾರರು ಬೆಳಗಿನ 8 ಗಂಟೆಗೆ ಮೊದಲು, ಸಂಜೆ 7ರ ಬಳಿಕ ಕರೆ ಮಾಡಿ ಪೀಡಿಸಬಾರದೆಂದು 2022ರ ಆಗಸ್ಟಿನ ಸುತ್ತೋಲೆಯು ವಿಧಿಸಿತು. ಸಂಸ್ಥೆಯು ದೂರಿಗೆ 30 ದಿನಗಳಲ್ಲಿ ಉತ್ತರಿಸದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ಬಳಿಗೆ ಹೋಗಬಹುದು.

ಅಂಗಡಿಯ ಮಾಯೆಗೂ ಕಟ್ಟು ಬಿದ್ದಿದೆ. “ಇನ್ನು ಎರಡೇ ಉಳಿದಿವೆ” ಎಂದು ಸುಳ್ಳು ಅವಸರ ಹುಟ್ಟಿಸುವುದು, ಕೇಳದ ವಸ್ತುವನ್ನು ಬುಟ್ಟಿಗೆ ಸೇರಿಸುವುದು, ಬೇಡವೆಂದವನನ್ನು ನಾಚಿಸುವ ಮಾತು ಬರೆಯುವುದು ಮುಂತಾದ 13 ಬಗೆಯ ವಂಚಕ ವಿನ್ಯಾಸಗಳನ್ನು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2023ರ ನವೆಂಬರ್ 30ರಂದು ನಿಷೇಧಿಸಿತು. ಆದರೆ ಕಾನೂನು ಹೊರಗಿನ ಬೇಲಿ ಮಾತ್ರ. ಬೇಲಿಯೊಳಗಿನ ಬೆಳೆಯನ್ನು ಕಾಯಬೇಕಾದವನು ಹೊಲದ ಒಡೆಯನೇ. ಮತ್ತು ಈ ಸಣ್ಣ ಕಡಗಳೂ ಸಾಲದ ಮಾಹಿತಿ ಸಂಸ್ಥೆಗಳ ಕಡತವನ್ನು ಸೇರುತ್ತವೆಂಬುದನ್ನು ಮರೆಯಬಾರದು. ಇಂದು ಆರುನೂರು ರೂಪಾಯಿಯನ್ನು ಅಲಕ್ಷಿಸಿದವನು ಮುಂದೆ ಮನೆ ಕಟ್ಟಲು ಸಾಲ ಕೇಳುವಾಗ ಆ ಅಲಕ್ಷ್ಯವೇ ಎದುರಿಗೆ ಬಂದು ನಿಲ್ಲಬಹುದು.

ಆಗಲೇ ಬಲೆಯಲ್ಲಿ ಸಿಲುಕಿದವರ ಗತಿಯೇನು? ಅವರು ಮಾಡಬಾರದ ಮೊದಲನೆಯ ಕೆಲಸವೆಂದರೆ ಒಂದು ಕಡವನ್ನು ತೀರಿಸಲು ಇನ್ನೊಂದು ಆ್ಯಪಿನ ಬಾಗಿಲು ತಟ್ಟುವುದು. ಮಾಡಬೇಕಾದ ಮೊದಲನೆಯ ಕೆಲಸವೆಂದರೆ ಬಾಯಿ ಬಿಡುವುದು. ಎಲ್ಲ ಬಾಕಿಗಳನ್ನೂ ಒಂದು ಹಾಳೆಯಲ್ಲಿ ಬರೆದು ಸತಿಪತಿಗಳು ಎದುರುಬದುರು ಕುಳಿತುಕೊಳ್ಳಲಿ. ಹೊಸ ಕೊಳ್ಳುವಿಕೆಯನ್ನು ನಿಲ್ಲಿಸಿ, ಎಲ್ಲದಕ್ಕೂ ಕನಿಷ್ಠ ಕಂತನ್ನು ಕಟ್ಟುತ್ತ, ಹೆಚ್ಚು ವೆಚ್ಚದ ಕಡವನ್ನು ಮೊದಲು ತೀರಿಸಲಿ. ಕಟ್ಟಲಾಗದಿದ್ದರೆ ಅಡಗಿ ಕೂರದೆ ಸಂಸ್ಥೆಗೆ ಬರೆದು ಕಾಲಾವಕಾಶವನ್ನು ಕೇಳಲಿ. ಮನೆಯ ಹಿರಿಯರ ಹೊಣೆಯು ಇಲ್ಲಿ ಗುರುತರವಾದುದು. ದೂರದ ಊರಿನಲ್ಲಿ ನೌಕರಿಯಲ್ಲಿರುವ ಮಗನು ನಾಚಿಕೆಯಿಂದ ತಲೆತಗ್ಗಿಸಿ ಕಡದ ವಿಷಯ ಹೇಳಿದಾಗ, ಮೊದಲ ಮಾತು ಬೈಗುಳವಾದರೆ ಅವನು ಎರಡನೆಯ ಸಲ ಹೇಳುವುದಿಲ್ಲ. ವಸೂಲಿಯ ಕರೆಗೆ ಅಂಜಿ, ಮನೆಯವರಿಗೂ ಅಂಜಿ, ಜೀವಕ್ಕೇ ಎರವಾದವರುಂಟು. ಜೀವಕ್ಕಿಂತ ದೊಡ್ಡ ಬಾಕಿಯಿಲ್ಲ. ದಯೆಯನ್ನು ಧರ್ಮದ ಮೂಲವೆಂದು ಬಗೆದ ಪರಂಪರೆಯ ಮನೆಗಳಲ್ಲಿ ಆ ದಯೆಯು ಮೊದಲು ಮನೆಯ ಮಕ್ಕಳಿಗೆ ದೊರೆಯಬೇಡವೇ?

ಕಡವಿಲ್ಲದವನ ರೊಟ್ಟಿಯು ಒಣಗಿದ್ದರೂ ಅದರಲ್ಲಿ ಅರ್ಧವನ್ನು ಮುರಿದು ಹಸಿದವನಿಗೆ ಕೊಡುವ ಸ್ವಾತಂತ್ರ್ಯವು ಅವನಿಗುಂಟು. ಕಡದ ಹೋಳಿಗೆಯುಂಡವನಿಗೆ ಆ ಸ್ವಾತಂತ್ರ್ಯವಿಲ್ಲ. ಅವನ ಎಲೆಯಲ್ಲಿರುವುದು ಪರರದ್ದು. ದಾಸೋಹವು ಸಿರಿವಂತಿಕೆಯನ್ನು ಬೇಡುವುದಿಲ್ಲ, ತನ್ನದೆನ್ನಬಹುದಾದ ಒಂದು ಹಿಡಿಯನ್ನು ಮಾತ್ರ ಬೇಡುತ್ತದೆ. ಆ ಹಿಡಿಯನ್ನು ಉಳಿಸಿಕೊಳ್ಳುವುದಕ್ಕಾಗಿಯೇ ಗೃಹಸ್ಥನು ಬೆರಳನ್ನು ಗುಂಡಿಯ ಮೇಲಿಡುವ ಮುನ್ನ ಒಂದು ಗಳಿಗೆ ತಡೆಯಬೇಕು. ಇಂದಿನ ಕಾಯಕದಲ್ಲಿ ಇಂದಿನ ಪ್ರಸಾದವನ್ನು ಕಂಡುಕೊಂಡವನಿಗೆ ನಾಳೆಯು ಸಾಲಿಗನಾಗಿ ಬಾರದೆ ಅತಿಥಿಯಾಗಿ ಬರುತ್ತದೆ.